ಕಂದೀಲು ಕಂಬ ಕೀಳಿಸುವ ಯೋಜನೆ

ಒಮ್ಮೆ ಆರಿಸಿ ಬಂದವನು ಎರಡನೇ ಸಲ ಯಾಕೆ ನಿಲ್ಲುತ್ತಾನೆ ಎಂದು ಕೇಳಿದರೆ ಎಲ್ಲರೂ ಹೇಳುವುದು ಒಂದೇ ಮಾತು, ಜನರ ಸೇವೆ ಇನ್ನೂ ಬಾಕಿ ಇದೆ ಎಂದು. ನಾನೂ ಹಾಗೇ ಹೇಳಿದ್ದೆ. ಈಗ ಯಾರಿಗೂ ಕೈ ಮುಗಿಯಬೇಕಾಗಿಲ್ಲವಾದ್ದರಿಂದ ನಿಜ ಹೇಳುತ್ತೇನೆ. ನನ್ನ ತೊಂದರೆ ಏನಾಗಿತ್ತೆಂದರೆ, ಸೇವೆ ಮುಗಿದುಹೋಗಿತ್ತು.

ಆಗ ನಿಜಾಮರ ಕಾಲ. ಲಿಂಗಸುಗೂರಿನ ಊರ ಕಮಿಟಿಗೆ ನಮ್ಮ ಓಣಿಯಿಂದ ನಾನು ಮೆಂಬರ. ಮೀಸೆ ಬಂದ ಮೇಲೆ ಮಸ್ಕಿಯ ಸಾಲೆ ಸೇರಿ, ನನ್ನ ಸೊಂಟದಷ್ಟು ಎತ್ತರದ ಹುಡುಗರ ಪಕ್ಕ ಕೂತು ಕನ್ನಡ, ಆಮೇಲೆ ಉರ್ದು ಕಲಿತವನು ನಾನು. ಕಚೇರಿಗೆ ಒಪ್ಪುವ ಅರ್ಜಿ ಬರೆಯುತ್ತಾನೆ ಎಂದು ಜನ ನನಗೆ ಕೈ ಎತ್ತಿದ್ದರು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಮನೆಯಲ್ಲಿ ನಾನು ಕೆಮ್ಮಿದರೆ ಅದನ್ನು ನಾನೇ ಕೇಳಬೇಕು. ಮೆಂಬರನಾದ ಮಾರನೇ ದಿನದಿಂದ ಬೆಳಗಾಗುತ್ತಲೇ ಬಾಗಿಲ ಚಿಲಕ ಬಡಿಯತೊಡಗಿತು. ಬಾವಿಯ ನೀರು ಸೇದುವ ಗಡಗಡೆ ಕಿರುಗುಟ್ಟುತ್ತದೆ ಎಂದು ಓಣಿಯ ಶರಣಪ್ಪ, ಗಟಾರದ ನೀರು ಹೊಸ್ತಿಲಿಗೆ ಬರುತ್ತದೆ ಎಂದು ಪಕ್ಕದ ಮನೆಯ ಹುಸೇನಬೀ. ತಕರಾರು ತಂದವರನ್ನು ಚಹಾ ಕೊಡದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಚಹಾ ಕುಡಿಯುತ್ತ ತಕರಾರು ಹಿಂದೆ ಬಿದ್ದು, ಸಿಂಧನೂರಿಗೆ ಕೊಟ್ಟ ಮಗಳ ಸುದ್ದಿ, ಎಮ್ಮೆ ಈದ ಸುದ್ದಿ ಎಲ್ಲ ಬರುತ್ತಿದ್ದವು. ಹೆಂಡತಿ ಹೋದ ಮೇಲೆ ತೊಲೆಗೆ ಕಟ್ಟಿಟ್ಟಿದ್ದ ದೊಡ್ಡ ಚಹಾ ಪಾತ್ರೆಯನ್ನು ಕೆಳಗಿಳಿಸಿದೆ.

ಅಲ್ಲಿ ನಾನು ಮಾಡಿದ ತಪ್ಪು ಒಂದೇ. ಮನಸ್ಸಿಟ್ಟು ಕೆಲಸ ಮಾಡಿದೆ. ಅರ್ಜಿಯ ಮೇಲೆ ಅರ್ಜಿ ಬರೆದು ಹೊಸ ಗಡಗಡೆ ಹಾಕಿಸಿದೆ, ಗಟಾರಕ್ಕೆ ಕಲ್ಲು ಕಟ್ಟಿಸಿದೆ, ಓಣಿಯ ತಿರುವಿನಲ್ಲಿ ಕಂದೀಲು ಕಂಬ ನಿಲ್ಲಿಸಿದೆ. ಒಂದೊಂದು ಕೆಲಸ ಆದಂತೆ ಒಬ್ಬೊಬ್ಬರೇ ಬರುವುದು ಬಿಟ್ಟರು. ನಾಚಿಕೆ ಬಿಟ್ಟು ಹೇಳುತ್ತೇನೆ, ಕೆಲವು ದಿನ ಬಾವಿಕಟ್ಟೆಗೆ ಹೋಗಿ ಗಡಗಡೆ ಎಲ್ಲಾದರೂ ಕಿರುಗುಟ್ಟೀತೇ ಎಂದು ಕಿವಿಗೊಟ್ಟು ನಿಂತದ್ದುಂಟು. ಅದು ಬೆಣ್ಣೆಯ ಹಾಗೆ ತಿರುಗುತ್ತಿತ್ತು.

ಹೀಗಿರುವಾಗ ಅವಧಿ ಮುಗಿಯಿತು. ನಿಲ್ಲುವವರು ಮುಂದೆ ಏನು ಮಾಡುತ್ತೇವೆಂದು ಚಾವಡಿಯಲ್ಲಿ ಓದಿ ಹೇಳಬೇಕು, ಆಮೇಲೆ ಜನ ಕೈ ಎತ್ತಬೇಕು. ನಾನು ನಾಲ್ಕು ದಿನ ಕೂತು ಬರೆದ ಪಟ್ಟಿಯ ಮೊದಲ ಕೆಲಸ, ಕಂದೀಲು ಕಂಬವನ್ನು ಕೀಳಿಸಿ ಎಲ್ಲರ ಅಭಿಪ್ರಾಯ ಕೇಳಿ ಬೇರೆ ಕಡೆ ನಿಲ್ಲಿಸುವುದು. ಓದಿದ ಕೂಡಲೇ ಬಾಗಿಲ ಬಳಿ ನಿಂತಿದ್ದ ಹುಸೇನಬೀ ಕೇಳಿದಳು, "ಯಣ್ಣಾ, ಚೊಲೊ ನಿಂತೈತಿ. ಅದನ್ಯಾಕ ಕೀಳಸ್ತಿ?"

"ಯಾರ ಮನಿ ಮುಂದ ಇರಬೇಕಂತ ಎಲ್ಲಾರೂ ಬಂದು ಹೇಳ್ರಿ. ಕುಂತು ಮಾತಾಡೂಣು."

"ಮಾತಾಡಿ ಆದಮ್ಯಾಲ?"

"ಒಪ್ಪಿಗಿ ಆಗಲಿಲ್ಲಂದ್ರ ಮತ್ತೊಮ್ಮೆ ಕುಂದ್ರೂದು."

ಶರಣಪ್ಪ ತೊಡೆ ತಟ್ಟಿ ನಕ್ಕ. "ಲೇ, ಇವಂಗ ಕಂಬ ಬೇಕಾಗಿಲ್ಲ. ಚಾ ಕುಡ್ಯಾಕ ಮಂದಿ ಬೇಕಾಗ್ಯಾರ!"

ಚಾವಡಿಯೆಲ್ಲ ನಕ್ಕಿತು. ನಾನೂ ನಕ್ಕೆ, ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ಹೊತ್ತು. ಹುಸೇನಬೀ ಒಬ್ಬಳೇ ನಗಲಿಲ್ಲ. ನನ್ನ ಎದುರು ನಿಂತಿದ್ದ ಬಟ್ಟೆ ಅಂಗಡಿಯವನು ಯಾವ ಪಟ್ಟಿಯನ್ನೂ ಬರೆದಿರಲಿಲ್ಲ. ಅವನಿಗೇ ಕೈಗಳು ಎದ್ದವು.

ಮರುದಿನ ಬೆಳಿಗ್ಗೆ ಸಣ್ಣ ಪಾತ್ರೆಯಲ್ಲಿ ಒಬ್ಬನಿಗಾಗುವಷ್ಟು ನೀರಿಟ್ಟೆ. ಚಿಲಕ ಬಡಿಯಿತು. ಹುಸೇನಬೀ!

"ಯಣ್ಣಾ, ಗಟಾರ ಕಟ್ಕೊಂಡೈತಿ ನೋಡು."

ನನ್ನೊಳಗಿನ ಮೆಂಬರ ಇನ್ನೂ ಸತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು, "ನಾ ಈಗ ಮೆಂಬರ ಅಲ್ಲವ್ವ. ಕಾಯ್ದೆ ಪ್ರಕಾರ ಹೊಸ ಮೆಂಬರನ ಕಡೆ ಹೋಗಬೇಕು. ಅರ್ಜಿ ಬೇಕಂದ್ರ ಬರದು ಕೊಡ್ತೀನಿ" ಅಂದೆ.

ಅವಳು ಒಲೆಯ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು. "ಇರ್ಲಿ ಬಿಡು" ಎಂದು ಸೆರಗು ಸರಿಮಾಡಿಕೊಂಡು ಹೋದಳು.

ಚಹಾ ಕುಡಿದ ಮೇಲೆ, ಪಾಪ ಎಷ್ಟು ಕಟ್ಟಿಕೊಂಡಿದೆಯೋ ನೋಡೋಣವೆಂದು ಕೋಲು ಹಿಡಿದು ಅವಳ ಮನೆಯ ಮುಂದೆ ಹೋದೆ. ಗಟಾರದಲ್ಲಿ ನೀರು ಸಲೀಸಾಗಿ ಹರಿಯುತ್ತಿತ್ತು. ಒಂದು ಕಡ್ಡಿಯೂ ಅಡ್ಡ ಇರಲಿಲ್ಲ. ನಾನೇ ನಿಂತು ಕಟ್ಟಿಸಿದ್ದಲ್ಲವೇ.