ಲಾರಿಯ ಮುಂಜಾನೆಯ ಕಾಯಿಲೆ

ಸಿದ್ದರಾಜುವನ್ನು ನಾನು ಮೊದಲು ಕಂಡದ್ದು ಪಿರಿಯಾಪಟ್ಟಣದ ಬಳಿಯ ನಮ್ಮ ಊರಿನಲ್ಲಿ, ಮಂಜು ಮುಸುಕಿದ ಒಂದು ಮುಂಜಾನೆ. ಅವನಿಗಿಂತ ಮೊದಲು ಕಿವಿಗೆ ಬಿದ್ದದ್ದು ಅವನ ಲಾರಿ. ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಅವನು ಅದನ್ನು ಸ್ಟಾರ್ಟ್ ಮಾಡಿದೊಡನೆ ‘ಟಕ ಟಕ ಟಕ’ ಎಂದು ಬೀದಿಯೇ ಎದ್ದು ಕೂರುವಂಥ ಸದ್ದು! ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಅಡಗಿತು. ಕುತೂಹಲ ತಡೆಯಲಾರದೆ ಮಫ್ಲರ್ ಸುತ್ತಿಕೊಂಡು ಹೊರಗೆ ಬಂದೆ.

“ತಣ್ಣಗಿದ್ದಾಗ ಮಾತ್ರ ಕಣ್ರೀ ಮೇಷ್ಟ್ರೇ, ಬಿಸಿಯಾದ್ರೆ ಸುಮ್ಕಾಯ್ತದೆ. ಗ್ಯಾರೇಜ್ನೋರು ಇಂಜಿನ್ನೇ ಬಿಚ್ಬೇಕು ಅಂತವ್ರೆ. ಬಿಚ್ಚುದ್ರೆ ಹೊಗೆಸೊಪ್ಪಿನ ಸೀಜನ್ನೇ ಓಯ್ತು” ಎಂದ ಸಿದ್ದರಾಜು. ಹರಾಜಿಗೆ ಸೊಪ್ಪು ಸಾಗಿಸುವ ಆ ಕೆಲವು ತಿಂಗಳ ಬಾಡಿಗೆಯೇ ಅವನ ವರ್ಷದ ಅನ್ನ.

ನಾನು ಎದೆಯುಬ್ಬಿಸಿದೆ. ಬೋರ್ಡಿಗೆ ಮುಖ ಮಾಡಿ ನಿಂತೇ ಯಾವ ಬೆಂಚಿನಲ್ಲಿ ಯಾರು ಪಿಸುಗುಟ್ಟಿದರೆಂದು ಹೇಳುತ್ತಿದ್ದ ಕಿವಿ ನನ್ನದು! ಒಂದು ಬೋಲ್ಟನ್ನೂ ಬಿಚ್ಚಿಸದೆ ಸದ್ದನ್ನು ಹಿಡಿಯುತ್ತೇನೆಂದು ಸಾರಿಬಿಟ್ಟೆ.

“ಲಾರಿಗೂ ಕಿವಿ ಹಿಂಡ್ತೀರಾ?” ಎಂದಳು ನನ್ನ ಹೆಂಡತಿ ನೀಲಾಂಬಿಕೆ.

ಒಲೆಯ ಬಳಿಯ ಊದುಕೊಳವೆಯೇ ನನ್ನ ಸ್ಟೆತಾಸ್ಕೋಪ್ ಆಯಿತು. ಮರುದಿನ ಬೆಳಗ್ಗೆ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ನನ್ನ ಕಿವಿಗೆ. ಕಿವಿಯ ಸುತ್ತ ಮಸಿಯ ಬಳೆ ಮೂಡಿತೇ ಹೊರತು ಬೇರೇನೂ ತಿಳಿಯಲಿಲ್ಲ. ಆದರೂ ಘನಗಂಭೀರವಾಗಿ ಆಯಿಲ್ ಬದಲಿಸಲು ಅಪ್ಪಣೆ ಕೊಟ್ಟೆ. ರೋಗಿ ಕಣ್ಣೆದುರಿಗೇ ಇರಲೆಂದು ಲಾರಿಯನ್ನು ನಮ್ಮ ಹಿತ್ತಲಿನಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಮೂತಿ ತಾಗುವಂತೆ ನಿಲ್ಲಿಸಿಕೊಂಡೆ.

ಮಾರನೆಯ ಮುಂಜಾನೆ ಸದ್ದೇ ಇಲ್ಲ! ಅದರಾಚೆಯ ಮುಂಜಾನೆಯೂ ಇಲ್ಲ! ನನ್ನ ಕೀರ್ತಿ ಹೋಟೆಲಿನಿಂದ ಹೋಟೆಲಿಗೆ ಹಬ್ಬಿತು. ಮಿರ್ಲೆಯಿಂದ ಒಬ್ಬರು ಟ್ರ್ಯಾಕ್ಟರನ್ನೇ ತೋರಿಸಲು ತಂದರು. ನನ್ನ ಮಾತನ್ನು ನಂಬಿ ಸಿದ್ದರಾಜು ಸುತ್ತಲಿನ ಊರುಗಳ ಸೊಪ್ಪನ್ನೆಲ್ಲ ಸಾಗಿಸಲು ಒಪ್ಪಿಕೊಂಡ.

ನಮ್ಮ ಸೊಪ್ಪಿನ ಕೊನೆಯ ಬೇಯಿಸುವಿಕೆ ಮುಗಿದು, ಬ್ಯಾರನ್ನಿನ ಬೆಂಕಿ ಆರಿತು. ಮರುದಿನ ಬೆಳಗ್ಗೆ ಸಿದ್ದರಾಜು ಕೀ ತಿರುಗಿಸಿದ. ಟಕ ಟಕ ಟಕ! ಮೊದಲ ಲೋಡು ಅಂದೇ ಹೊರಡಬೇಕಿತ್ತು.

ಕಾಫಿ ತಂದ ನೀಲಾಂಬಿಕೆ ಬ್ಯಾರನ್ನಿನ ಗೋಡೆಯನ್ನು ಮುಟ್ಟಿ ನೋಡಿದಳು; ತಣ್ಣಗಿತ್ತು. “ರಾತ್ರಿಯೆಲ್ಲಾ ಎದ್ದೆದ್ದು ಸೌದೆ ಹಾಕಿದ್ದು ನಾನು, ಬೆಚ್ಚಗೆ ಮಲಗಿದ್ದು ಲಾರಿ. ಡಾಕ್ಟರಾಗಿದ್ದು ಮಾತ್ರ ನೀವು” ಎಂದಳು.

ನನ್ನ ಕೀರ್ತಿ ಕಾಫಿಗಿಂತ ಮೊದಲೇ ಆರಿಹೋಯಿತು. ಆದರೆ ಕುತೂಹಲ ಆರಲಿಲ್ಲ. ಬೆಚ್ಚಗಿದ್ದರೆ ಸದ್ದಿಲ್ಲ, ಕಾದ ಕಬ್ಬಿಣ ಹಿಗ್ಗುತ್ತದೆ. ಮಕ್ಕಳಿಗೆ ವರ್ಷ ವರ್ಷವೂ ಬಾಯಿಪಾಠ ಮಾಡಿಸಿದ ಮಾತಿದು! ಹಾಗಾದರೆ ಹಿಗ್ಗಿದಾಗ ಮುಚ್ಚಿಕೊಳ್ಳುವ ಸಂದೊಂದು ಎಲ್ಲೋ ಇರಬೇಕು. ನಾನೂ ಸಿದ್ದರಾಜುವೂ ಟಾರ್ಚು ಹಿಡಿದು ಹುಡುಕಿದೆವು. ಇಂಜಿನ್ನಿಗೆ ಸೈಲೆನ್ಸರ್ ಪೈಪು ಕೂಡುವಲ್ಲಿ ಕಪ್ಪನೆಯ ಹೊಗೆಯ ಗುರುತು! ಅಲ್ಲಿ ಸಂದು ಮುಚ್ಚುವ ಪ್ಯಾಕಿಂಗ್ ಸುಟ್ಟುಹೋಗಿ, ತಣ್ಣಗಿದ್ದಾಗ ಹೊಗೆ ಆ ಸಂದಿನಿಂದಲೇ ಟಕಟಕಿಸುತ್ತಿತ್ತು. ಮಧ್ಯಾಹ್ನದೊಳಗೆ ಹೊಸದನ್ನು ಹಾಕಿಸಿ, ಸಂಜೆಗೆ ಲೋಡು ಹೊರಟಿತು. ಇಂಜಿನ್ ಬಿಚ್ಚಲಿಲ್ಲ, ಸೀಜನ್ನೂ ಹೋಗಲಿಲ್ಲ.

ಈಗ ಹಳೆಯ ಲಾರಿ ಕೊಳ್ಳುವವರೆಲ್ಲ ಸಿದ್ದರಾಜುವನ್ನು ಜೊತೆಗೆ ಕರೆದೊಯ್ಯುತ್ತಾರೆ. ಅವನು ಮೊದಲು ಇಂಜಿನ್ನಿನ ಮೇಲೆ ಅಂಗೈ ಇಡುತ್ತಾನೆ. ಬೆಚ್ಚಗಿದ್ದರೆ ಕೀ ಮುಟ್ಟುವುದಿಲ್ಲ; ಪೂರ್ತಿ ತಣಿಯುವವರೆಗೂ ಕಾಯುತ್ತಾನೆ. ಅಂಥ ಕಡೆಗೆಲ್ಲ ನನ್ನನ್ನೂ ತಪ್ಪದೆ ಕರೆದುಕೊಂಡು ಹೋಗುತ್ತಾನೆ. ನನ್ನ ಕಿವಿಗಾಗಿ ಅಲ್ಲ. ಮೇಷ್ಟ್ರು ಮಾತಿಗೆ ಕೂತರೆ ಎಂಥ ಇಂಜಿನ್ನೂ ತಣ್ಣಗಾಗುತ್ತದಂತೆ!