ಕಾಪಿ ಮಾಡಿದ ಸೊಸೆ

ಕದ್ದವನು ಮಾಲೀಕನ ಭಾಮೈದ. ಸಿಕ್ಕಿಬಿದ್ದವಳು ನನ್ನ ಸೊಸೆ. ಸಿಕ್ಕಿಹಾಕಿಸಿದವಳು ನಾನು. ನಡೆದದ್ದು ಇಷ್ಟೇ. ನಮ್ಮ ಬೀದಿಯವರು ಇದಕ್ಕೆ ಬಾಲ, ಕೊಂಬು ಎಲ್ಲ ಅಂಟಿಸಿ ಹೇಳುತ್ತಾರೆ, ನಂಬಬೇಡಿ.

ಸೊಸೆ ಶೋಭಾ ಆಗ ಯಲಹಂಕದ ಒಂದು ವಧೂವರರ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸದಲ್ಲಿದ್ದಳು. ಗಂಡುಹೆಣ್ಣುಗಳ ಫೋಟೊ, ಜಾತಕ, ಸಂಬಳ, ಎತ್ತರ ಎಲ್ಲವೂ ಆ ಪೆಟ್ಟಿಗೆಯೊಳಗೆ. ನಮ್ಮ ಕಾಲದಲ್ಲಿ ಆ ಪೆಟ್ಟಿಗೆ ಎಂದರೆ ಚಿಕ್ಕಜಾಲದ ಮುನಿಶಾಮಪ್ಪನ ತಲೆ. ಬಾಗಲೂರಿನಿಂದ ಹೆಬ್ಬಾಳದವರೆಗೆ ಯಾರ ಮನೆಯಲ್ಲಿ ಹೆಣ್ಣಿದೆ, ಯಾವ ಗಂಡಿಗೆ ಇಸ್ಪೀಟಿನ ಚಟ, ಯಾವ ಅತ್ತೆ ಸೊಸೆಗೆ ಕಾಣದ ಹಾಗೆ ಮೊಸರು ಬಚ್ಚಿಡುತ್ತಾಳೆ ಎಲ್ಲ ಅವನಿಗೆ ಬಾಯಿಪಾಠ. ಪಂಚೆ ಎತ್ತಿ ಕಟ್ಟಿಕೊಂಡು ದ್ರಾಕ್ಷಿ ತೋಟಗಳ ನಡುವೆ ನಡೆದು ಬರುತ್ತಿದ್ದ. ಬಂದನೆಂದರೆ ಎರಡು ಮುದ್ದೆ ಹೆಚ್ಚಿಗೆ ಕಟ್ಟಬೇಕು. "ಉಡುಗಿ ಮಾತು ವಸಿ ಒರಟು ಕಣಪ್ಪ, ಕೆಲ್ಸ ನಯ" ಎಂದು ಹೇಳಿ ನನ್ನ ಮದುವೆ ಮಾಡಿಸಿದವನೂ ಅವನೇ. ಅವನ ತಲೆಯಿಂದ ಏನನ್ನೂ ಕದಿಯುವ ಅಗತ್ಯ ಯಾರಿಗೂ ಬೀಳಲಿಲ್ಲ. ಊಟ ಹಾಕಿದರೆ ಅವನೇ ಹೇಳುತ್ತಿದ್ದ. ಅವನು ಸತ್ತಾಗ ಎಷ್ಟು ಮನೆಗಳ ಸಂಬಂಧ ಅವನ ಜೊತೆಯಲ್ಲೇ ಮಣ್ಣಿಗೆ ಹೋಯಿತೋ ದೇವರಿಗೆ ಗೊತ್ತು. ಆ ತೋಟಗಳ ಮೇಲೆ ಈಗ ವಿಮಾನ ನಿಲ್ದಾಣದ ರಸ್ತೆ ಹರಿದಿದೆ. ಒಮ್ಮೊಮ್ಮೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡುತ್ತೇನೆ, ಎಲ್ಲಿ ನಮ್ಮ ಬಾವಿ ಇತ್ತು ಎಂದು. ಗುರುತು ಹತ್ತುವುದಿಲ್ಲ. ಬಸ್ಸೂ ನಿಲ್ಲುವುದಿಲ್ಲ.

ಅದಿರಲಿ. ಆ ಕೇಂದ್ರದ ಜಾತಕಗಳೆಲ್ಲ ಇದ್ದಕ್ಕಿದ್ದಂತೆ ವಿದ್ಯಾರಣ್ಯಪುರದಲ್ಲಿ ಹೊಸದಾಗಿ ತೆರೆದ ಇನ್ನೊಂದು ಕೇಂದ್ರದಲ್ಲಿ ಕಾಣಿಸಿಕೊಂಡವಂತೆ. ಮಾಲೀಕ ಪೊಲೀಸರಿಗೆ ದೂರು ಕೊಟ್ಟು ಶೋಭಾಳ ಮೇಲೆ ಅನುಮಾನ ಎಂದಿದ್ದ. ಅವಳು ಇದನ್ನು ಮನೆಯಲ್ಲಿ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದೆ. ಮಾಮೂಲಿ ಪ್ಯಾಂಟು ಶರಟಿನ ಒಬ್ಬ ಮನುಷ್ಯ ಬಂದು, "ಸ್ಟೇಷನ್ನಿಂದ ಬಂದಿದೀನಮ್ಮ, ಶೋಭಾ ಅವ್ರ ವಿಷ್ಯ ಸ್ವಲ್ಪ ವಿಚಾರಿಸ್ಬೇಕಿತ್ತು" ಎಂದ. ರೈಲ್ವೆ ಸ್ಟೇಷನ್ನಿಂದ ಬಿಸಿಲಲ್ಲಿ ನಡೆದುಕೊಂಡು ಬಂದಿದ್ದಾನೆ, ಪಾಪ, ಎಂದುಕೊಂಡೆ. ಆ ದಿನಗಳಲ್ಲಿ ಶೋಭಾಳ ತಂಗಿಗೆ ಗಂಡು ನೋಡುತ್ತಿದ್ದೆವು. ಅಕ್ಕನ ಗುಣ ಕೇಳಿ ತಂಗಿಯನ್ನು ಅಳೆಯುವುದು ಗಂಡಿನ ಕಡೆಯವರ ಹಳೆಯ ಪದ್ಧತಿ. ನಾನು ಸೆರಗು ಸರಿಮಾಡಿಕೊಂಡು ಕೂತೆ.

"ನಿಮ್ ಸೊಸೆ ಕಾಪಿ ಮಾಡ್ತಾರೆ ಅನ್ನೋದು ನಿಮಗೆ ಗೊತ್ತಾ?" ಎಂದು ಕೇಳಿದ.

ನಮ್ಮ ಕಡೆ ಕಾಫಿಗೆ ಕಾಪಿ ಎಂದೇ ಹೇಳುವುದು. "ಗೊತ್ತಿಲ್ದೆ ಏನಪ್ಪ, ನನ್ ಕಣ್ಮುಂದೇನೇ ಮಾಡ್ತಾಳೆ" ಎಂದೆ.

"ಯಾವಾಗ?"

"ದಿನಾ. ಬೆಳಿಗ್ಗೆ ಎದ್ದೇಟ್ಗೆ ಒಂದ್ಸಲ, ಆಪೀಸಿಂದ ಬಂದ್ಮೇಲೆ ಇನ್ನೊಂದ್ಸಲ."

ಅವನು ಬರೆದುಕೊಂಡ. "ಮಾಡಿ ಯಾರಿಗೆ ಕೊಡ್ತಾರೆ?"

"ಯಾರ್ ಬಂದ್ರೂ ಕೊಡ್ತಾಳೆ. ಮೇಲ್ಗಡೆ ಮನೆಯೋರ್ಗೂ ಕೊಡ್ತಾಳೆ. ಇದ್ದಿದ್ರೆ ನಿಮಗೂ ಕೊಡ್ತಿದ್ಲು."

"ದುಡ್ಡು ಇಸ್ಕೊಂಡಾ?"

"ಥೂ, ಅದಕ್ಕೆಲ್ಲ ಯಾರಾದ್ರೂ ದುಡ್ ಇಸ್ಕೋತಾರಾ?"

"ಇದನ್ನೆಲ್ಲ ಯಾರು ಹೇಳ್ಕೊಟ್ಟಿದ್ದು ಅವ್ರಿಗೆ?"

"ನಾನೇ. ಮದ್ವೆಯಾಗಿ ಬಂದಾಗ ಅವ್ಳಿಗೆ ಏನೂ ಬರ್ತಿರ್ಲಿಲ್ಲ."

ಅವನು ಬರೆಯುವುದನ್ನು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನನ್ನ ಪೂರ್ತಿ ಹೆಸರು ಕೇಳಿದ. ಬೀಗರ ಕಡೆಯವರು ಇಷ್ಟು ಗೌರವ ಕೊಡುವುದು ಕಂಡು ನನಗೆ ಸಂತೋಷವಾಯಿತು. ಇಂಥ ಸಂತೋಷ ಬಂದಾಗಲೇ ಮನುಷ್ಯ ಎಚ್ಚರವಾಗಿರಬೇಕು.

ಸಂಜೆ ಫೋನು ಬಂತು. ಶೋಭಾಳನ್ನು ಪೊಲೀಸ್ ಠಾಣೆಯಲ್ಲಿ ಕೂರಿಸಿದ್ದರು. ಮಗ ಲಾರಿ ತೆಗೆದುಕೊಂಡು ಹೊಸೂರಿಗೆ ಹೋಗಿದ್ದ; ನಾನೇ ಆಟೊ ಹಿಡಿದು ಹೋದೆ. ಅಲ್ಲಿ ಮಧ್ಯಾಹ್ನದ ಅದೇ ಬೀಗರ ಕಡೆಯವನು ಖಾಕಿ ಹಾಕಿಕೊಂಡು ನಿಂತಿದ್ದ. ಬೆಂಚಿನ ಮೇಲೆ ಮಾಲೀಕ, ಅವನ ಪಕ್ಕದಲ್ಲಿ ಅವನ ಭಾಮೈದ. ಶೋಭಾ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. "ನಾನ್ ನಿಮಗೆ ಏನ್ ಮಾಡಿದ್ದೆ ಅತ್ತೆ? ಹಿಂಗ್ಯಾಕೆ ಬರೆಸಿದ್ರಿ?" ಎಂದಳು.

ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದರು. "ಏನು ಹೋಗೈತೆ ಸ್ವಾಮಿ?" ಎಂದು ಕೇಳಿದೆ. "ಏನೂ ಹೋಗಿಲ್ಲಮ್ಮ. ಎಲ್ಲ ಕಂಪ್ಯೂಟರಲ್ಲೇ ಇದೆ. ಆದ್ರೆ ಒಪ್ಪಿಗೆ ಇಲ್ದೆ ತೆಗೆದುಕೊಂಡ್ರೆ, ತಿದ್ದಿದ್ರೆ, ಅಳಿಸಿದ್ರೆ, ಅದೂ ಅಪರಾಧ. ಮೂರು ವರ್ಷದ ತನಕ ಜೈಲಾಗ್ಬಹುದು" ಎಂದರು. ನಮ್ಮ ಹಿತ್ತಲಲ್ಲಿ ಕುಂಬಳಕಾಯಿ ಕದ್ದರೆ ಬಳ್ಳಿ ಬರಿದಾಗುತ್ತಿತ್ತು, ಬೈಯುವುದಕ್ಕೆ ಒಂದು ಆಧಾರ ಇರುತ್ತಿತ್ತು. ಕಾಯಿ ಬಳ್ಳಿಯಲ್ಲೇ ಇದ್ದು, ಕಳ್ಳನ ಮನೆಯಲ್ಲೂ ಅದರದೇ ಸಾರು ಕುದಿಯುವ ಕಳ್ಳತನ ನಾನು ಕಂಡಿರಲಿಲ್ಲ. ಕಾಣದಿದ್ದರೇನು, ಮೂರು ವರ್ಷ ಮೂರು ವರ್ಷವೇ.

"ನೀವೇ ಹೇಳಿಕೊಟ್ಟಿದ್ದು ಅಂತ ಒಪ್ಕೊಂಡಿದೀರಲ್ಲ?" ಎಂದರು ಇನ್ಸ್‌ಪೆಕ್ಟರು.

"ಊ ಸ್ವಾಮಿ, ಹೇಳ್ಕೊಟ್ಟಿದ್ದು ನಾನೇ. ಆದ್ರೆ ಸಕ್ರೆ ಜಾಸ್ತಿ ಆಕೋದು ಅವ್ಳ ಬುದ್ಧಿ."

"ಸಕ್ಕರೇನಾ?" ಎಂದರು ಇನ್ಸ್‌ಪೆಕ್ಟರು.

"ಕಾಪಿಗೆ ಸ್ವಾಮಿ."

ಅವರು ಖಾಕಿಯವನ ಕಡೆ ತಿರುಗಿದರು. ಅವನು ಗೋಡೆ ನೋಡಿದ. ಆಮೇಲೆ ಎಲ್ಲರೂ ನಕ್ಕರು, ಶೋಭಾ ಕೂಡ ಅಳುತ್ತಲೇ ನಕ್ಕಳು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಭಾಮೈದ. ನಗುವಿನ ರಭಸದಲ್ಲಿ, "ಕಾಪಿ ಮಾಡೋಕೆ ಇವ್ರು ಭಾನುವಾರ ಆಫೀಸಿಗೆ ಯಾಕ್ ಬರ್ತಾರೆ ಭಾವ" ಎಂದುಬಿಟ್ಟ.

"ಭಾನುವಾರ ಅಂತ ನಾನ್ ಯಾರಿಗೂ ಹೇಳಿಲ್ವಲ್ರೀ" ಎಂದರು ಇನ್ಸ್‌ಪೆಕ್ಟರು. ಕಂಪ್ಯೂಟರಿನಿಂದ ಜಾತಕ ಹೋದದ್ದು ಆಫೀಸಿಗೆ ಬೀಗ ಹಾಕಿದ್ದ ಭಾನುವಾರ ಎಂಬುದು ಪೊಲೀಸರಿಗೆ ಮಾತ್ರ ಗೊತ್ತಿತ್ತಂತೆ. ಭಾವ ಒಮ್ಮೆ ಭಾಮೈದನ ಮುಖ ನೋಡಿದ. ಆಫೀಸಿನ ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ ಎಂದು ಆಮೇಲೆ ಯಾರೂ ಕೇಳಬೇಕಾಗಲಿಲ್ಲ.

ನಮ್ಮನ್ನು ಬಿಟ್ಟು ಕಳಿಸಿದರು. ಆದರೆ ಬೀದಿ ಬಿಡಬೇಕಲ್ಲ. ಗೇಟು ಗೇಟಿನಲ್ಲೂ ಹೆಂಗಸರು. ಶೋಭಾಳನ್ನು ಪೊಲೀಸರು ಹಿಡಿದರಂತೆ, ಸ್ವಂತ ಅತ್ತೆಯೇ ಸಾಕ್ಷಿ ಹೇಳಿದಳಂತೆ ಎಂಬ ಸುದ್ದಿ ನಮಗಿಂತ ಮೊದಲೇ ಬಂದು ಕೂತಿತ್ತು. ಶೋಭಾ ಚಪ್ಪಲಿ ಬಿಡುತ್ತ, "ನಾಳೆಯಿಂದ ಹಾಲು ತರೋಕೆ ನಾನ್ ಹೋಗಲ್ಲ ಅತ್ತೆ, ಎಲ್ರೂ ಮುಖ ನೋಡ್ತಾರೆ" ಎಂದಳು. ನಮ್ಮೂರಿನಲ್ಲಿ ಅಪವಾದ ಹೊರಿಸಿದವರೇ ನಾಲ್ಕು ಜನರ ಮುಂದೆ ನಿಂತು ಅದನ್ನು ಇಳಿಸಬೇಕು ಎಂಬ ಪದ್ಧತಿ ಇತ್ತು. ಎಷ್ಟು ಜನರ ಕೈಲಿ ನಾನೇ ಜೋರುಮಾಡಿ ಇಳಿಸಿದ್ದೇನೆ. ನನ್ನ ಸರದಿ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ ಬೀದಿಯೆಲ್ಲ ನೆರೆದಿರುವ ಹೊತ್ತು ನೋಡಿಕೊಂಡು ಹೋದೆ. "ನಮ್ ಶೋಭಾ ಏನೂ ಕದ್ದಿಲ್ಲ. ಕದ್ದೋನು ಸಿಕ್ಕವ್ನೆ. ಪೋಲೀಸ್ನೋರು ಕೇಳಿದ್ದು ನಂಗೆ ಸರ್ಯಾಗಿ ಕೇಳಿಸ್ಲಿಲ್ಲ, ಕಿವಿ ಮಂದ" ಎಂದೆ. ನನ್ನ ಕಿವಿಗೆ ಏನೂ ಆಗಿಲ್ಲ. ಮೂರು ಮನೆಯಾಚೆಯ ಜಗಳ ಮೊದಲಿಂದ ಕೊನೆಯವರೆಗೆ ಕೇಳಿಸುತ್ತದೆ. ಆದರೂ ದಡ್ಡಿ ಅನ್ನಿಸಿಕೊಳ್ಳುವುದಕ್ಕಿಂತ ಕಿವುಡಿ ಅನ್ನಿಸಿಕೊಳ್ಳುವುದು ವಾಸಿ. ಹೆಂಗಸರು ಅಯ್ಯೋ ಪಾಪ ಎಂದರು. ಅಂಗಡಿಯವನು ಮುಂದಕ್ಕೆ ಬಗ್ಗಿ, ರೈಲ್ವೆ ಗೇಟಿನವರೆಗೆ ಕೇಳುವ ಹಾಗೆ, "ಎಷ್ಟು ಪ್ಯಾಕೆಟ್ ಕೊಡ್ಲಿ ಅಜ್ಜಿ?" ಎಂದು ಕೂಗಿದ. ಬೈಯಲು ಬಾಯಿ ತೆರೆದವಳು ಸುತ್ತ ಒಮ್ಮೆ ನೋಡಿದೆ. ಆಮೇಲೆ ಕಿವಿಗೆ ಕೈ ಒಡ್ಡಿ, "ಆಂ?" ಎಂದೆ.