ಅಪ್ಪೆಮಿಡಿ ಭರಣಿಗೊಂದು ವಿದ್ಯುತ್ ಗಂಟೆ

ವಿಜ್ಞಾನದ ಕೈಗೆ ಸಿಗದ ಕಳ್ಳ ಲೋಕದಲ್ಲಿ ಇನ್ನೂ ಹುಟ್ಟಿಲ್ಲ ಎಂದು ರಘುಪತಿ ಮಾಸ್ತರರು ಒಂದು ಬುಧವಾರ ಬೆಳಿಗ್ಗೆ ಹೆಂಡತಿಯ ಎದುರು ಘೋಷಿಸಿದರು. ಸಿದ್ದಾಪುರದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಶಬ್ದ, ಬೆಳಕು, ವಿದ್ಯುತ್ತು ಕಲಿಸಿ ನಿವೃತ್ತರಾದವರು ಅವರು. ಘೋಷಣೆಯಲ್ಲಿ ತೊಡಕು ಒಂದೇ. ಕಳ್ಳ ಅವರೇ ಆಗಿದ್ದರು.

ಕಳವಾಗುತ್ತಿದ್ದದ್ದು ಅಪ್ಪೆಮಿಡಿ. ಬಿಳಗಿ ಕಡೆಯ ಒಂದು ಹಳೇ ಮಾವಿನ ಮರದ ಮಿಡಿಯನ್ನು ಹೆಂಡತಿ ಜಯಾ ಒಂದೊಂದಾಗಿ ಆರಿಸಿ, ಉಪ್ಪುನೀರಲ್ಲಿ ಹಾಕಿ, ಮೊಣಕಾಲೆತ್ತರದ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದರು. ಅದೇ ತಿಂಗಳು ಡಾಕ್ಟರು ಮಾಸ್ತರರ ಬಿ.ಪಿ. ನೋಡಿ, ಚೀಟಿಯಲ್ಲಿ ‘ಉಪ್ಪಿನಕಾಯಿ ಬಂದ್’ ಎಂದು ಬರೆದು ಅಡಿಯಲ್ಲಿ ಎರಡು ಗೆರೆ ಎಳೆದರು. ಒಂದೇ ಗೆರೆಯಾಗಿದ್ದರೆ ಮಾಸ್ತರರು ಪಾಲಿಸುತ್ತಿದ್ದರೋ ಏನೋ. ಎರಡು ಗೆರೆ ಎಳೆದದ್ದು ತಮ್ಮ ಬುದ್ಧಿಶಕ್ತಿಗೆ ಮಾಡಿದ ಅವಮಾನ ಎಂದು ಅವರಿಗೆ ತೋರಿತು. ಅಂದಿನಿಂದ ಜಯಾ ಮಧ್ಯಾಹ್ನ ಅಡ್ಡಾದ ಕೂಡಲೇ ದಿನಕ್ಕೆರಡು ಮಿಡಿ ಮಾಯವಾಗತೊಡಗಿದವು.

“ಭರಣಿಲಿ ಮಿಡಿ ಕಡಮೆ ಆಜು,” ಎಂದಿದ್ದರು ಜಯಾ.

“ಇಲಿ ಇಕ್ಕು,” ಎಂದು ಮಾಸ್ತರರು ಊಹೆ ಮುಂದಿಟ್ಟಿದ್ದರು.

“ಬಟ್ಟೆ ಬಿಚ್ಚಿ, ಮುಚ್ಚಳ ತೆಗೆದು, ಮಿಡಿ ತಿಂದು, ತಿರುಗಿ ಮುಚ್ಚಳ ಹಾಕಿ ಗಂಟೂ ಕಟ್ತಾ ಇಲಿ?”

“ಈಗಿನ ಇಲಿ ಭಾರೀ ಹುಷಾರಿದ್ದು ಮಾರಾಯ್ತಿ.”

“ಹಂಗಾರೆ ಅದನ್ನ ಹಿಡಿಯಲೆ ಒಂದು ಮಶಿನ್ ಮಾಡಿ. ಶಾಲೆಲಿ ಕಲಿಸಿದ್ದು ಮನೆಗೂ ಒಂದಿನ ಉಪಯೋಗ ಆಗ್ಲಿ.”

ಒಲ್ಲೆ ಎಂದರೆ ತಪ್ಪೊಪ್ಪಿಕೊಂಡಂತೆ. ಹಾಗಾಗಿಯೇ ಮಾಸ್ತರರು ಆ ಐತಿಹಾಸಿಕ ಘೋಷಣೆ ಮಾಡಿದ್ದು.

ಕೆಲಸ ಒಂದು ವಾರ ಹಿಡಿಯಿತು. ಹಿತ್ತಾಳೆ ಪಟ್ಟಿಗಾಗಿ ಶಿರಸಿಗೆ ಎರಡು ಸಲ ಹೋಗಿಬಂದರು. ವಿದ್ಯುತ್ ಮಂಡಲದ ಚಿತ್ರ ನಾಲ್ಕು ಸಲ ಬರೆದು ಐದು ಸಲ ಹರಿದರು. ಮುಚ್ಚಳ ಎತ್ತಿದೊಡನೆ ಎರಡು ಹಿತ್ತಾಳೆ ಪಟ್ಟಿ ಒಂದಕ್ಕೊಂದು ತಾಗಬೇಕು, ಮಂಡಲ ಪೂರ್ತಿಯಾಗಬೇಕು, ಗಂಟೆ ಹೊಡೆಯಬೇಕು. ಎಲ್ಲ ಸರಿಯಾಯಿತು. ಆದರೆ ದನಿ ಜೀರುಂಡೆಯಷ್ಟೇ. ಕಂಪಿಸುವ ಮೈ ದೊಡ್ಡದಾದಷ್ಟೂ ಸದ್ದು ಗಟ್ಟಿ ಎಂಬ ನಿಯಮ ನೆನಪಾಗಿ, ಬಚ್ಚಲಿನ ಹಳೇ ತಾಮ್ರದ ಹಂಡೆಯನ್ನು ಬೋರಲು ಹಾಕಿ ಅದರ ಬೆನ್ನಿಗೆ ಗಂಟೆ ಬಿಗಿದರು. ಈ ಗಡಿಬಿಡಿಯಲ್ಲಿ ಅವರಿಗೆ ಮಧ್ಯಾಹ್ನ ಯಾವಾಗ ಬಂತು, ಯಾವಾಗ ಹೋಯಿತು ಎಂಬುದೇ ತಿಳಿಯಲಿಲ್ಲ. ಪ್ರತಿ ಬುಧವಾರ ಕೇರಿಯವರ ಬಿ.ಪಿ. ನೋಡಲು ಬರುವ ಆರೋಗ್ಯ ಕೇಂದ್ರದ ಚೇತನಾ ಬಂದು ತೋಳಿಗೆ ಪಟ್ಟಿ ಸುತ್ತಿದಾಗಲೂ ಅವರ ಇನ್ನೊಂದು ಕೈಯಲ್ಲಿ ಇಕ್ಕಳವಿತ್ತು.

ಗುರುವಾರ ಉದ್ಘಾಟನೆ. ಜಯಾ ಮುಚ್ಚಳ ಎತ್ತಿದರು. ಹಂಡೆ ಗುಡುಗಿತು. ಪಕ್ಕದ ಮನೆಯ ಮಂಜಪ್ಪ ಹಜಾಮತಿ ಸೋಪು ಮೆತ್ತಿದ ಮುಖದಲ್ಲೇ ಓಡಿಬಂದ.

“ಎಲ್ಲಿ ಬೆಂಕಿ ಬಿತ್ತು ಮಾಸ್ತರ್ರೇ?”

“ಬೆಂಕಿಯಲ್ಲ ಮಂಜಪ್ಪ, ವಿಜ್ಞಾನ.”

“ಸ್ವಲ್ಪ ಸಣ್ಣ ಮಾಡಿ ಮತ್ತೆ,” ಎಂದು ಆತ ಉಳಿದರ್ಧ ಗಡ್ಡ ಹೆರೆಯಲು ಹೋದ.

ಇನ್ನು ಕಳ್ಳನ ಪಾಡೇನು? ಮಾಸ್ತರರು ಅದನ್ನೂ ಯೋಚಿಸಿಟ್ಟಿದ್ದರು. ಒಣ ಕಾಗದದಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಮುಚ್ಚಳ ಎತ್ತುವ ಮೊದಲು ಎರಡು ಪಟ್ಟಿಗಳ ನಡುವೆ ಒಂದು ಕಾಗದ ತೂರಿಸಿದರೆ ಗಂಟೆಗೆ ಮೌನವ್ರತ. ಅಳತೆಗೆ ಸರಿಯಾಗಿ ಸಿಕ್ಕಿದ್ದು ಡಾಕ್ಟರ ಚೀಟಿ. ಆ ಚೀಟಿಯಿಂದ ಒಂದು ಪ್ರಯೋಜನವಾಯಿತೆಂದು ಅವರಿಗೆ ಅನಿಸಿದ್ದು ಆಗಲೇ. ಅದರ ಆಶ್ರಯದಲ್ಲಿ ಐದು ಮಧ್ಯಾಹ್ನ ಹಂಡೆ ತುಟಿಪಿಟಕ್ಕೆನ್ನಲಿಲ್ಲ. ಒಂದು ವಾರದ ಬಾಕಿಯನ್ನೂ ಮಾಸ್ತರರು ದಿನಕ್ಕೆ ನಾಲ್ಕರಂತೆ ನಿಷ್ಠೆಯಿಂದ ತೀರಿಸಿಕೊಳ್ಳತೊಡಗಿದರು.

ಆರನೆಯ ದಿನ ಬುಧವಾರ. ಜಗಲಿಯಲ್ಲಿ ಚೇತನಾ, ಜಯಾ ಮಾತಿಗೆ ಕೂತಿದ್ದರು. ಹತ್ತು ನಿಮಿಷಕ್ಕೆ ಮೋಸವಿಲ್ಲ ಎಂದು ಲೆಕ್ಕ ಹಾಕಿ ಮಾಸ್ತರರು ಒಳಗೆ ಸರಿದರು. ಚೀಟಿ ತೂರಿಸಿದರು, ಮುಚ್ಚಳ ಎತ್ತಿದರು, ಸೌಟು ಇಳಿಸಿದರು. ಒಂದು ಮಿಡಿ ಬಾಯಿಗೆ ಹೋಯಿತು. ಎರಡನೆಯದು ಸೌಟಿನಿಂದ ಜಾರಿತು. ಅವರು ಅದನ್ನು ಗಾಳಿಯಲ್ಲೇ ಹಿಡಿದರು. ಮಿಡಿ ಉಳಿಯಿತು, ಸೌಟಿನ ಉಪ್ಪುನೀರು ಚೀಟಿಯ ಮೇಲೆ ಚೆಲ್ಲಿತು.

ಬರೀ ನೀರಲ್ಲಿ ಉರಿಯದ ಬಲ್ಬು ಉಪ್ಪು ಹಾಕಿದರೆ ಏಕೆ ಉರಿಯುತ್ತದೆ? ಎರಡು ಅಂಕದ ಪ್ರಶ್ನೆ. ಉತ್ತರ ಬರೆಯದ ಮಕ್ಕಳನ್ನು ಅವರು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಈಗ ಹಂಡೆಯೇ ಇಡೀ ಕೇರಿಗೆ ಕೇಳುವಂತೆ ಉತ್ತರ ಹೇಳಿತು.

ಜಯಾ, ಚೇತನಾ ಬಾಗಿಲಲ್ಲಿ ನಿಂತರು. ಮಾಸ್ತರರ ತುಟಿಯ ನಡುವಿನಿಂದ ಮಿಡಿಯ ತೊಟ್ಟು ಹೊರಗೆ ಇಣುಕುತ್ತಿತ್ತು.

“ಟೆಸ್ಟ್ ಮಾಡ್ತಾ ಇದ್ದಿದ್ದಿ,” ಎಂದರು ಅವರು, ಹೇಗೋ ನಾಲಿಗೆ ಹೊರಳಿಸಿ.

“ಬಾಯಲ್ಲೇ ಟೆಸ್ಟ್ ಮಾಡ್ತಾರಾ ಮಾಸ್ತರ್ರೇ?” ಎಂದಳು ಚೇತನಾ.

ಜಯಾ ಬ್ಯಾಟರಿಯ ತಂತಿ ಕಿತ್ತರು. ಹಂಡೆ ಸುಮ್ಮನಾಯಿತು. ಆಮೇಲೆ ತೆರೆದ ಭರಣಿಯ ಬಾಯಿಗೆ ಅಂಗೈಯಿಂದ ಒಮ್ಮೆ ಮೆಲ್ಲನೆ ತಟ್ಟಿ ಕಿವಿಗೊಟ್ಟರು.

“ಮೊನ್ನೆ ಗುರುವಾರ ತಟ್ಟಿದಾಗ ದನಿ ಇದ್ಕಿಂತ ಸಣ್ಣ ಇತ್ತು. ಖಾಲಿ ಜಾಗ ಜಾಸ್ತಿ ಆದಾಂಗೆ ದಪ್ಪ ಆಗ್ತು. ಇಪ್ಪತ್ತಾದ್ರೂ ಹೋಜು.”

ಮಾಸ್ತರರು ಮನಸ್ಸಿನಲ್ಲೇ ಎಣಿಸಿದರು. ಬಾಯಲ್ಲಿದ್ದದ್ದೂ ಸೇರಿ ಇಪ್ಪತ್ತೊಂದು. ಗಾಳಿಯ ಕಂಬ ಉದ್ದವಾದಷ್ಟೂ ಕಂಪನಾಂಕ ಕಡಿಮೆ ಎಂಬುದನ್ನು ಅವರು ಗಾಜಿನ ಕೊಳವೆ, ಶ್ರುತಿಕವಲು ಹಿಡಿದು ವರ್ಷಕ್ಕೆ ಮೂರು ಪಿರಿಯಡ್ ಕಲಿಸುತ್ತಿದ್ದರು.

“ನಿಂಗೆ ಇದನ್ನ ಯಾರು ಕಲಿಸಿದ್ದೇ?”

“ಆಯಿ. ಎಮ್ಮನೆ ಹೆಂಗಸ್ರೆಲ್ಲ ಹಿಂಗೇ ನೋಡದು.”

“ಹಂಗಾರೆ ಇಲಿ ಅಲ್ಲ ಹೇಳಿ ಮೊದ್ಲೇ ಗೊತ್ತಿತ್ತು?”

“ಇಲಿ ಹೇಳಿದ್ದು ಆನಲ್ಲ, ನಿಂಗ.”

“ಮತ್ತೆ ಈ ಗಂಟೆ ಎಂತಕ್ಕೆ ಮಾಡಿಸ್ದೆ?”

ಜಯಾ ಚೇತನಾಳತ್ತ ನೋಡಿದರು. ಆಕೆ ಬಿ.ಪಿ. ಪುಸ್ತಕ ತೆರೆದಳು. “ಗಂಟೆ ಕೆಲ್ಸ ಶುರು ಮಾಡ್ದಾಗ ನೂರ ಅರವತ್ತೆರಡು. ಮಾಡಿ ಮುಗಿಸೋ ಹೊತ್ತಿಗೆ ನೂರ ಮೂವತ್ತಾರು. ಈಗ ಕೈ ತೊಳ್ಕಂಡು ಬನ್ನಿ, ಇವತ್ತಿನದೂ ಬರ್ಕಳ್ತೀನಿ.”

ಇವತ್ತಿನದು ನೂರ ಅರವತ್ತಾಯಿತು.

“ಕೈಲಿ ಕೆಲ್ಸ ಇದ್ದಾಗ ಒಂದು ವಾರ ನಿಂಗ ಭರಣಿ ಬದಿಗೇ ಬಂಜ್ರಿಲ್ಲೆ, ಒಂದು ಮಿಡಿನೂ ಮುಟ್ಟಿದ್ರಿಲ್ಲೆ,” ಎಂದ ಜಯಾ ಒಳಗೆ ಹೋಗಿ ಅಟ್ಟದಿಂದ ಏನನ್ನೋ ಇಳಿಸಿ ತಂದರು. ಸೆರಗಿನಿಂದ ದೂಳು ಒರೆಸಿ ಗಂಡನ ಎದುರು ಇಟ್ಟರು. ಇಪ್ಪತ್ತು ವರ್ಷದ ಹಿಂದೆ ಉಸಿರು ನಿಲ್ಲಿಸಿದ ರೇಡಿಯೋ.

“ಇದನ್ನ ರಿಪೇರಿ ಮಾಡಿ.”

ಮಾಸ್ತರರು ಹಿಂಬದಿಯ ಹಲಗೆ ತೆಗೆದು, ಕನ್ನಡಕ ಏರಿಸಿ, ಒಳಗೆಲ್ಲ ನೋಡಿದರು. ವಿಜ್ಞಾನದ ಮೇಲೆ ಆಣೆಯಿಟ್ಟು ನಿಜ ಹೇಳುವ ಅವಕಾಶ ಬಹಳ ದಿನಗಳ ಮೇಲೆ ಸಿಕ್ಕಿತ್ತು.

“ಇದು ರಿಪೇರಿ ಆಪ್ದಲ್ಲ ಮಾರಾಯ್ತಿ. ಎಷ್ಟು ವರ್ಷ ಕೂತ್ರೂ ಆಗ್ತಿಲ್ಲೆ.”

“ಗೊತ್ತಿದ್ದು,” ಎಂದರು ಜಯಾ, ಭರಣಿಗೆ ಬಟ್ಟೆ ಕಟ್ಟುತ್ತಾ. “ಅದಕ್ಕೇ ಕೊಟ್ಟಿದ್ದು.”